ಬೆರಳು ತಿನ್ನುವ ಹಸಿರು ಗೋಡೆ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಕಿವುಡರ ಸಂಘದ ಹಿರಿಯರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಮ್ಮ ಸುದ್ದಿ ವಾಹಿನಿಯ ನಿರ್ದೇಶಕರೇ, ಕಿವಿಯಿಂದ ಕೇಳುವ ಸಭಿಕರೇ, ಕಣ್ಣಿನಿಂದ ಕೇಳುವ ಸಭಿಕರೇ,

ಮೈಕು ಸ್ಟ್ಯಾಂಡಿನಲ್ಲೇ ಇರಲಿ. ನನ್ನ ಎರಡೂ ಕೈಗಳಿಗೆ ಬೇರೆ ಕೆಲಸವಿದೆ. ಬಾಯಿ ಮುಂದೆ ಓಡಿ ಕೈ ಹಿಂದುಳಿದರೆ ಹಿಂದಿನ ಸಾಲಿನವರು ನನ್ನನ್ನು ಗದರಿಸಬೇಕು.

ಹನ್ನೆರಡು ವರ್ಷ ಸಂಜೆಯ ಸುದ್ದಿಯನ್ನು ಸನ್ನೆ ಭಾಷೆಯಲ್ಲಿ ಹೇಳಿದ್ದಕ್ಕೆ ನನಗೆ ಈ ಸನ್ಮಾನ. ಆದರೆ ಮೊದಲ ಏಳು ತಿಂಗಳು ನಾನು ಹೇಳಿದ್ದು ನಿಮಗೆ ತಲುಪಿತ್ತೇ? ಇಲ್ಲ. ಏಕೆ ತಲುಪಲಿಲ್ಲ ಎಂಬುದನ್ನು ಇಂದು ಹೇಳಲೇಬೇಕು.

ನಾನು ನಿಲ್ಲುವುದು ಒಂದು ಹಸಿರು ಗೋಡೆಯ ಮುಂದೆ. ಆಗೆಲ್ಲ ಟಿವಿಯಲ್ಲಿ ನಾನು ಕಾಣುತ್ತಿದ್ದದ್ದು ಪರದೆಯ ಮೂಲೆಯ ಸಣ್ಣ ಚೌಕದಲ್ಲಿ. ಕಂಪ್ಯೂಟರ್ ಹಸಿರು ಕಂಡಲ್ಲೆಲ್ಲ ಅಳಿಸಿ, ಆ ಜಾಗದಲ್ಲಿ ಬೇರೆ ಚಿತ್ರ ಕೂರಿಸುತ್ತದೆ. ಮನುಷ್ಯರ ಮೈಬಣ್ಣ ಹಸಿರಲ್ಲವಾದ್ದರಿಂದ ನಾವು ಉಳಿದುಕೊಳ್ಳುತ್ತೇವೆ. ಇದು ಗೊತ್ತಿಲ್ಲದೆ ಮೊದಲ ದಿನ ನಾನು ಹೊಸ ಹಸಿರು ಕೋಟು ತೊಟ್ಟು ಹೋಗಿದ್ದೆ. ಪರದೆಯ ಮೇಲೆ ನನ್ನ ತಲೆ, ಎರಡು ಕೈ ಮಾತ್ರ ಮೋಡಗಳ ನಡುವೆ ತೇಲುತ್ತಿದ್ದವು!

ಆ ದಿನ ಎಲ್ಲರೂ ನಕ್ಕೆವು. ಆದರೆ ಮನೆಯಲ್ಲಿ ಅಣ್ಣ ಕೇಳಿದ ಪ್ರಶ್ನೆಗೆ ನಾನು ನಗಬಾರದಿತ್ತು. ನಮ್ಮಣ್ಣ ಹುಟ್ಟು ಕಿವುಡ, ಮರಗೆಲಸದವನು. ಕೈಯಲ್ಲೇ ಕೇಳಿದ: "ಟಿವೀಲಿ ನಿನ್ನ ಬೆರಳು ಎಲ್ಲಿ ಹೋಗ್ತವೆ?" ನಾನು "ನಿನ್ನ ಕನ್ನಡಕ ಒರೆಸ್ಕೋ" ಎಂದು ಒಳಗೆ ಹೋದೆ.

ಏಳನೇ ತಿಂಗಳಲ್ಲಿ ನಗರದ ನೀರಿನ ಕೊಳವೆ ಒಡೆದು ಕೊಳಚೆ ಸೇರಿತು. "ನಲ್ಲಿ ನೀರು ಕುಡಿಯಬೇಡಿ" ಎಂದು ನಾನೇ ಸುದ್ದಿ ಹೇಳಿದೆ. 'ಬೇಡ' ಎನ್ನಲು ಅಂಗೈಯನ್ನು ಸರಸರನೆ ಅಲ್ಲಾಡಿಸಬೇಕು. ಬೇಗ ಅಲ್ಲಾಡುವ ಕೈ ಕ್ಯಾಮೆರಾದಲ್ಲಿ ಮಸುಕಾಗುತ್ತದೆ. ಆ ಮಸುಕಿಗೆ ಹಿಂದಿನ ಗೋಡೆಯ ಹಸಿರು ಬೆರೆಯುತ್ತದೆ. ಕಂಪ್ಯೂಟರ್ ಅದನ್ನೂ ಗೋಡೆಯೆಂದೇ ಅಳಿಸುತ್ತದೆ. 'ಕುಡಿಯಿರಿ' ಉಳಿಯಿತು. 'ಬೇಡ' ಹೋಯಿತು.

ನಾನು ಮನೆ ಸೇರುವಷ್ಟರಲ್ಲಿ ಅಣ್ಣ ಕುಡಿದಿದ್ದ. ಆರು ದಿನ ಆಸ್ಪತ್ರೆಯಲ್ಲಿದ್ದ. ಅವನ ಬಲಗೈಗೆ ಸೂಜಿ ಚುಚ್ಚಿ, ಅಲುಗದಂತೆ ಹಲಗೆಗೆ ಪಟ್ಟಿ ಕಟ್ಟಿದ್ದರು. ಎಡಗೈಯೊಂದರಲ್ಲೇ ತೊದಲಿದ: "ನೀನೇ ಹೇಳಿದೆಯಲ್ಲ, ಕುಡೀಬಹುದು ಅಂತ."

ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ಅವನು ಕೈಯಾಡಿಸಿ ಮಾತನಾಡಿದರೆ ಜನ ತಿರುಗಿ ನೋಡುತ್ತಿದ್ದರು. ನಾನು ಅವನ ಕೈಗಳೆರಡನ್ನೂ ನನ್ನ ಮಡಿಲಲ್ಲಿ ಅದುಮಿ ಹಿಡಿಯುತ್ತಿದ್ದೆ. "ತಂಗಿಗೆ ಅಣ್ಣ ಅಂದ್ರೆ ಎಷ್ಟು ಪ್ರೀತಿ" ಎನ್ನುತ್ತಿದ್ದರು ಜನ. ಅದು ಪ್ರೀತಿಯಲ್ಲ, ನಾಚಿಕೆ. ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು, ಕೈಗೂ ಬಂತು. ಇರಲಿ.

ಅಣ್ಣ ಆಸ್ಪತ್ರೆ ಸೇರಿದ ಮರುದಿನ ನಿರ್ದೇಶಕರ ಕೋಣೆಗೆ ಹೋದೆ. ಸರ್, ನೀವು ಅಂದದ್ದನ್ನೇ ಹೇಳುತ್ತೇನೆ, ಕ್ಷಮಿಸಿ. "ಆ ಮೂಲೇನ ಯಾರಮ್ಮಾ ನೋಡ್ತಾರೆ?" ಅಂದಿರಿ.

"ನಮ್ಮಣ್ಣ ನೋಡ್ತಾನೆ ಸರ್. ನೋಡಿ ಆಸ್ಪತ್ರೇಲಿ ಮಲಗಿದಾನೆ. ಇದು ಸರಿಹೋಗೋವರೆಗೂ ನಾನು ಆ ಗೋಡೆ ಮುಂದೆ ನಿಲ್ಲಲ್ಲ."

"ಬೇರೆಯವರು ನಿಲ್ತಾರೆ."

"ಅವರ ಬೆರಳನ್ನೂ ಗೋಡೆ ತಿನ್ನುತ್ತೆ ಸರ್."

ನೀವು ಸ್ಟುಡಿಯೋದ ವೇಳಾಪಟ್ಟಿ ತೆಗೆದು ನೋಡಿದಿರಿ. ಆಮೇಲೆ, "ಊಟದ ಹೊತ್ತಲ್ಲಿ ಸ್ಟುಡಿಯೋ ಖಾಲಿ ಇರುತ್ತೆ. ಒಂದು ವಾರ ತಗೊಳ್ಳಿ" ಅಂದಿರಿ.

ಆ ವಾರ ನನ್ನ ಜೊತೆ ಊಟ ಬಿಟ್ಟವರು ದೀಪಗಳ ಉಸ್ತುವಾರಿ ನೋಡುವ ಹಿರಿಯರು. ಅವರನ್ನು ಎಲ್ಲರೂ ಬಲ್ಬು ಮಾವ ಎನ್ನುತ್ತೇವೆ. ನನ್ನನ್ನು ಗೋಡೆಯಿಂದ ಎಂಟು ಹೆಜ್ಜೆ ಮುಂದೆ ತಂದರು, ಗೋಡೆಯ ಹಸಿರು ಹೊಳಪು ಕೈಮೇಲೆ ಬೀಳದಂತೆ. ಗೋಡೆಗೇ ಬೇರೆ ದೀಪ, ನನ್ನ ಕೈಗೇ ಬೇರೆ ದೀಪ. ಕ್ಯಾಮೆರಾದವರನ್ನು ಕಾಡಿ ಬೇಡಿ ಕೈ ಮಸುಕಾಗದಷ್ಟು ಕ್ಯಾಮೆರಾದ ವೇಗ ಹೆಚ್ಚಿಸಿದರು. ಐದನೇ ದಿನವೂ ಕಿರುಬೆರಳು ಮಾಯವಾದಾಗ ನಾನು ನೆಲದ ಮೇಲೆ ಕೂತುಬಿಟ್ಟೆ. "ಏಳು ತಾಯಿ," ಅಂದರು ಮಾವ, "ಒಂಬತ್ತು ಸಿಕ್ಕಿವೆ. ಹತ್ತನೇದು ಎಲ್ಲಿ ಹೋಗುತ್ತೆ?"

ವಾರದ ಕೊನೆಗೆ ಪರೀಕ್ಷೆ. ಆಸ್ಪತ್ರೆಯಿಂದ ಬಂದಿದ್ದ ಅಣ್ಣನನ್ನು ಪರದೆಯ ಮುಂದೆ ಕೂರಿಸಿ ಧ್ವನಿ ಆರಿಸಿದರು. ನಾನು ಹತ್ತು ವಾಕ್ಯ ಹೇಳಬೇಕು, ಅವನು ಬರೆಯಬೇಕು. ಒಂಬತ್ತು ಸರಿ. ಹತ್ತನೆಯದು "ನಾಳೆ ಶಾಲೆಗಳಿಗೆ ರಜೆ ಇಲ್ಲ." ಅಣ್ಣ ಬರೆದದ್ದು "ನಾಳೆ ಶಾಲೆಗಳಿಗೆ ರಜೆ." ಮತ್ತೆ ಅದೇ 'ಇಲ್ಲ' ಹೋಯಿತು! ಚಿತ್ರೀಕರಿಸಿದ್ದನ್ನು ಮತ್ತೆ ಹಾಕಿ ನೋಡಿದರೆ, ಹತ್ತೂ ಬೆರಳು ಸ್ಪಷ್ಟವಾಗಿವೆ. ಗಾಬರಿಯಲ್ಲಿ 'ಇಲ್ಲ' ಹೇಳುವುದನ್ನು ನಾನೇ ಮರೆತಿದ್ದೆ! "ನಿಮ್ಮಣ್ಣ ಪಾಸು, ನೀವು ಫೇಲು" ಎಂದು ನಿರ್ದೇಶಕರು ಅವನ ಕೈ ಕುಲುಕಿದರು. ಅಣ್ಣ ಆ ಕೈ ಬಿಡಿಸಿಕೊಂಡು ಹೇಳಿದ: "ಇನ್ನೂ ದೊಡ್ಡದು ಮಾಡಿ. ನನಗೂ ವಯಸ್ಸಾಗ್ತಿದೆ." ಆ ಸಂಜೆಯಿಂದಲೇ ನನ್ನ ಚಿತ್ರ ಪರದೆಯ ಕಾಲುಭಾಗವಾಯಿತು.

ಆದರೆ ಕೆಲಸ ಮುಗಿಯಿತೇ? ಬೆಂಕಿ, ನೆರೆ, ಕೆಟ್ಟ ನೀರು ಸಂಜೆಯ ಸುದ್ದಿಗೆಂದು ಕಾಯುತ್ತವೆಯೇ? ದಿನದ ಯಾವ ಹೊತ್ತಿನ ತುರ್ತು ಪ್ರಕಟಣೆಗೂ ಸನ್ನೆ ಬೇಕು. ಅದಕ್ಕೆ ಮೂವರು ಸಾಕು. ನಾನು ಆರು ಜನರನ್ನು ತಯಾರು ಮಾಡಿದ್ದೇನೆ, ಎಡಗಡೆ ಕೂತಿದ್ದಾರೆ. ಸರ್, ಎರಡು ಸಲ ಪತ್ರ ಕೊಟ್ಟೆ, ಉತ್ತರ ಬರಲಿಲ್ಲ. ಆದ್ದರಿಂದ ಇಲ್ಲೇ ಕೇಳುತ್ತಿದ್ದೇನೆ. ಮುಂದಿನ ತಿಂಗಳಿಂದ ಇವರಲ್ಲಿ ಮೂವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ?

ನಿರ್ದೇಶಕರು ಹೌದೆಂದು ತಲೆಯಾಡಿಸಿದ್ದಾರೆ. ಸಣ್ಣದಾಗಿ ಆಡಿಸಿದರು, ಪರವಾಗಿಲ್ಲ. ನಾನೂರು ಜನ ನೋಡಿದ್ದಾರೆ ಸರ್. ನೋಡುವುದರಲ್ಲಿ ಈ ಸಭೆಯನ್ನು ಮೀರಿಸುವವರಿಲ್ಲ.

ಸಂಘಕ್ಕೆ, ಬಲ್ಬು ಮಾವನಿಗೆ, ಇಷ್ಟು ಹೊತ್ತು ಕಣ್ಣು ಕೀಳದೆ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.