ಸೀಟು ಹಿಡಿದ ಟವಲ್ಲು

ಕೃಷ್ಣರಾಜಪೇಟೆ ಬಸ್ ನಿಲ್ದಾಣದಲ್ಲಿ ಮೈಸೂರಿನ ಬಸ್ಸು ತುಂಬಿಹೋಗಿತ್ತು. ಇಬ್ಬರು ಕೂರುವ ಒಂದೇ ಒಂದು ಸೀಟು ಖಾಲಿ; ಅದರ ಮೇಲೆ ಕೆಂಪು ಟವಲ್ಲು. ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ ಬೋರಯ್ಯನಿಗೆ, ಟವಲ್ಲು ಹಾಕಿದ ಇಬ್ಬರು ತರುಣರು ಕಿಟಕಿಯಾಚೆ ಆಡುತ್ತಿದ್ದ ಮಾತು ಕೇಳಿಸುತ್ತಿತ್ತು. ಅವರಲ್ಲೊಬ್ಬ ಆಗಷ್ಟೇ ಎಸ್‌ಟಿಡಿ ಬೂತಿನಿಂದ ಬಂದಿದ್ದ.

“ಆಪೀಸ್ನೋರು ಏನಂದ್ರು ಜಯರಾಮು?”

“ಪ್ರೋಗ್ರಾಮು ರಾತ್ರಿಯೆಲ್ಲಾ ಓಡ್ತಂತೆ ಕಣ್ಲಾ ಯೋಗೇಶ. ಒಂದ್ಸಲಾನೂ ನಿಂತಿಲ್ಲ.”

“ಸದ್ಯ, ಕೆಲ್ಸ ಉಳೀತು. ಏನ್ಲಾ ಆಗಿತ್ತು ಅದುಕ್ಕೆ?”

“ನಮ್ಮ ಪ್ರೋಗ್ರಾಮು ಇ-ಮೇಲು ಸೋಸ್ತದಲ್ಲ, ಒಂದೊಂದು ಬಂದಾಗ್ಲೂ ಮೆಮೊರೀಲಿ ಜಾಗ ಹಿಡೀತದೆ. ಬಸ್ಸಲ್ಲಿ ಟವಲ್ ಹಾಕ್ದಂಗೆ.”

“ಹಿಡೀಲಿ ಬುಡು.”

“ಒಳ್ಳೆ ಇ-ಮೇಲಾದ್ರೆ ಒಳಕ್ಕೆ ಕಳ್ಸಿ ಟವಲ್ ಎತ್ಕೋತದೆ. ಕಸ ಅಂತ ಆಚೆಗೆ ಎಸುದ್ರೆ ಮಾತ್ರ ಟವಲ್ ಅಲ್ಲೇ ಬುಟ್ಬುಡ್ತದೆ.”

“ಅಂಗಾರೆ ಕೂತೋರು ಯಾರೂ ಇಲ್ಲ, ಸೀಟೆಲ್ಲಾ ಭರ್ತಿ.”

“ಅದೇಯ. ಜಾಗ ಮುಗೀತಿದ್ದಂಗೆ ಮಿಷನ್ನು ಮಲಗ್ತಿತ್ತು. ನೆನ್ನೆ ಒಂದು ಸಾಲು ಸೇರಿಸ್ದೆ. ಎಸೆಯಕ್ಕೆ ಮುಂಚೆ ಟವಲ್ ಎತ್ಕೊ ಅಂತ.”

“ಅಷ್ಟು ಮರೆವು ಯಾವನಿಗ್ಲಾ?”

“ಬರ್ದೋರು ನಾವಿಬ್ರೇ ಅಲ್ವೇನ್ಲಾ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಹಿಂದೆ ಮೈಸೂರಿನ ಎಕ್ಸ್‌ಪ್ರೆಸ್ಸು ಖಾಲಿಯಾಗಿ ಬಂದು ನಿಂತಿತು. ನಗುತ್ತಲೇ ಓಡಿಹೋಗಿ ಅದನ್ನು ಹತ್ತಿದರು. ಅದು ಹೊರಟೂ ಹೋಯಿತು.

ಬೋರಯ್ಯ ಒಮ್ಮೆ ಕಿಟಕಿಯಾಚೆ ನೋಡಿದ, ಒಮ್ಮೆ ಸೀಟು ನೋಡಿದ. ಆಮೇಲೆ ಕೆಂಪು ಟವಲ್ಲನ್ನು ಮೆಲ್ಲಗೆ ಎತ್ತಿ, ಮಡಿಸಿ ತೊಡೆಯ ಮೇಲಿಟ್ಟುಕೊಂಡು ಆರಾಮಾಗಿ ಕೂತ.