ಬಾನೆಟ್ಟಿನ ಮೇಲೆ ನೇಲ್ ಪಾಲಿಶ್

ಹಲೋ... ಯಾರು ಮಾತಾಡ್ತಿರೋದು? ಗಾಡಿಗೆ ಬಣ್ಣ ಹೊಡೆಯೋ ಅಂಗಡಿನಾ?...

ಹಾಂ, ಅಣ್ಣಾ, ಸ್ವಲ್ಪ ಆ ಮೆಷಿನ್ ನಿಲ್ಲಿಸ್ತೀರಾ, ಏನೂ ಕೇಳಿಸ್ತಿಲ್ಲ... ನಾನು ಜೋರಾಗಿ ಮಾತಾಡೋ ಹಾಗಿಲ್ಲ. ಬಚ್ಚಲುಮನೆಯಲ್ಲಿ ನಿಂತಿದೀನಿ, ಹೊರಗಡೆ ಅಮ್ಮ ಇದಾಳೆ...

ಕಾರು. ನಂದಲ್ಲ, ನಮ್ಮಕ್ಕಂದು. ಹೊಸದು ಅಣ್ಣಾ, ಸೀಟಿನ ಪ್ಲಾಸ್ಟಿಕ್ಕೂ ಇನ್ನೂ ಬಿಚ್ಚಿಲ್ಲ. ನಿನ್ನೆ ಮಧ್ಯಾಹ್ನ ಅವಳು ತಲೆನೋವು ಅಂತ ಮಲಗಿದ್ದಾಗ ನಾನು... ಹೇಳದೆ ತಗೊಂಡು ಹೋಗಿದ್ದೆ. ಒಂದು ಸುತ್ತು, ಅಷ್ಟೇ...

ಇಲ್ಲ, ಯಾರಿಗೂ ಗುದ್ದಿಲ್ಲ. ಮುಂದೆ ಒಂದು ಲಾರಿ, ಒಡೆದ ಮನೆಯ ಕಲ್ಲುಮಣ್ಣು ತುಂಬ್ಕೊಂಡು, ಮೇಲೆ ಟಾರ್ಪಾಲೂ ಇಲ್ಲ. ನಮ್ಮಜ್ಜಿ ಕಥೆಯಲ್ಲಿ ಊರು ನುಂಗಿದ ರಾಕ್ಷಸ ಅರಗದೆ ಕಕ್ಕುತ್ತಾನೆ, ಗೋಡೆ, ಬಾಗಿಲು, ಮೊಳೆ ಎಲ್ಲಾನೂ. ಹಾಗೇ ಆ ಲಾರಿ ಗುಂಡಿಗೆ ಇಳಿದದ್ದೇ ತಡ, ನನ್ನ ಮುಂದೆ... ಹಾಂ, ಹಾಂ, ವಿಷಯಕ್ಕೆ ಬಂದೆ.

ಬಾನೆಟ್ ಮೇಲೆ, ನಾಲ್ಕೈದು ಕಡೆ ಕಲ್ಲು ಬಿದ್ದು ಬಣ್ಣ ಹಾರಿದೆ. ಎಳ್ಳಿನಷ್ಟು ಕೆಲವು, ಒಂದು ಮಾತ್ರ ಹುಣಸೆಬೀಜದಷ್ಟು... ಬಿಳಿ ಅಲ್ಲ, ಬೂದು, ಹೊಳೀತಿತ್ತು... ತಗಡೇ ಕಾಣ್ತಿದೆ ಅಂತನಾ? ಹಾಗೇ ಬಿಟ್ರೆ ತುಕ್ಕು ಹಿಡಿಯುತ್ತಾ?...

ಫೋಟೋ ಇಲ್ಲ. ಈಗ ತೆಗೆದ್ರೂ ಕಾಣ್ತಿರಲಿಲ್ಲ, ಮುಚ್ಚಿಬಿಟ್ಟಿದೀನಿ... ನೀವು ನಗಬಾರದು. ನೇಲ್ ಪಾಲಿಶ್... ಅದೇ ಬಣ್ಣ ಅಣ್ಣಾ, ದಾಳಿಂಬೆ ಕೆಂಪು, ಸಂಜೆ ಬೆಳಕಲ್ಲಿ ವ್ಯತ್ಯಾಸಾನೇ ಗೊತ್ತಾಗ್ಲಿಲ್ಲ. ಬೆಳಗ್ಗೆ ನೋಡಿದ್ರೆ ಮೈಗೆ ಗುಳ್ಳೆ ಎದ್ದ ಹಾಗೆ... ನಗ್ತಿದೀರಿ, ಅಲ್ವಾ?

ರಿಮೂವರ್ ಹಾಕಿ ಉಜ್ಜಿದ್ರೆ?... ಬೇಡ್ವಾ? ಸುತ್ತಲಿನ ಬಣ್ಣವೂ ಕಿತ್ಕೊಂಡು ಬರುತ್ತಾ?... ಸರಿ, ಮುಟ್ಟಲ್ಲ. ನೀವೇ ಕೆರೆದು, ಪ್ರೈಮರ್ ಹಾಕಿ, ಆಮೇಲೆ ಬಣ್ಣ... ಬಾಗಿಲ ಸಂದಿಯ ಚೀಟಿಯಲ್ಲಿ ಬಣ್ಣದ ನಂಬರ್ ಇರುತ್ತಾ? ಈಗ ನೋಡಿ ಹೇಳೋಕಾಗಲ್ಲ. ಗಾಡಿ ಇಲ್ಲಿಲ್ಲ...

ಅಕ್ಕ ತಗೊಂಡು ಹೋದ್ಲು, ಅಜ್ಜಿನ ಚಿಕ್ಕಮ್ಮನ ಮನೆಗೆ ಬಿಡೋಕೆ. ದೂರ, ಹೆದ್ದಾರಿಯಲ್ಲಿ ಹೋಗ್ಬೇಕು... ಇಲ್ಲ, ಅವಳಿನ್ನೂ ನೋಡಿಲ್ಲ, ಆತುರದಲ್ಲಿದ್ಲು. ನೋಡಿದ್ರೆ ನನ್ನ ಚರ್ಮ ಸುಲೀತಾಳೆ ಅಣ್ಣಾ. ಸಂಜೆ ಏನಾದ್ರೂ ನೆಪ ಹೇಳಿ ನಿಮ್ಮ ಹತ್ರ ತರ್ತೀನಿ, ಗೊತ್ತಾಗದ ಹಾಗೆ ಮಾಡಿಕೊಡ್ತೀರಾ?...

ಬೇರೆ ಏನೂ ಆಗಿಲ್ಲ. ಹಾಂ, ಮೊಳೆ ಚುಚ್ಚಿ ಮುಂದಿನ ಎಡಗಡೆ ಟಯರ್ ಪಂಕ್ಚರ್ ಆಗಿತ್ತು, ಅದನ್ನ ನಾನೇ ಸರಿ ಮಾಡಿದೆ... ನಾನೇ. ವಿಡಿಯೋ ನೋಡ್ಕೊಂಡು ಸ್ಟೆಪ್ನಿ ಹಾಕಿದೆ. ಅದೊಂದಕ್ಕಾದ್ರೂ ಶಭಾಷ್ ಅನ್ನಬೇಕು ನನಗೆ...

ನಟ್ಟುಗಳಾ? ಬಿಗಿ ಮಾಡಿದೆ... ಜಾಕ್ ಮೇಲಿದ್ದಾಗಲೇ. ಚಕ್ರ ಗಾಳಿಯಲ್ಲಿತ್ತಲ್ಲ, ನಟ್ಟು ತಿರುಗಿಸಿದ್ರೆ ಅದೂ ಜೊತೆಗೇ ಸುತ್ತುತ್ತಿತ್ತು, ಆದಷ್ಟು ಮಾಡಿದೆ... ಕೆಳಗಿಳಿಸಿದ ಮೇಲಾ? ಇಳಿಸಿದ ಮೇಲೆ ವೀಲ್ ಕ್ಯಾಪ್ ಒತ್ತಿ ಕೂರಿಸಿದೆ...

ಇಲ್ಲ. ಇನ್ನೊಂದು ಸಲ ಬಿಗಿ ಮಾಡ್ಲಿಲ್ಲ. ಮಾಡ್ಬೇಕಿತ್ತಾ?... ಶಬ್ದ ಬರ್ತಿತ್ತಾ ಅಂತನಾ?...

ಹೂಂ, ಮನೆಗೆ ಬರ್ತಾ ಟಕ್ ಟಕ್ ಅಂತಿತ್ತು. ಕಲ್ಲು ಸಿಕ್ಕೊಂಡಿದೆ ಅಂದ್ಕೊಂಡೆ... ಕಳಚಿ ಹೋಗುತ್ತಾ? ಚಕ್ರಾನೇ?... ಇಡ್ತೀನಿ. ಇಡ್ತೀನಿ ಅಣ್ಣಾ, ಅವಳಿಗೆ ಫೋನ್ ಮಾಡ್ತೀನಿ...

...

ಹಲೋ... ಅಕ್ಕಾ?... ಅಜ್ಜಿ, ನೀನಾ. ಅಕ್ಕ ಓಡಿಸ್ತಿದಾಳಾ? ಗಾಡಿ ನಿಲ್ಲಿಸೋಕೆ ಹೇಳು... ತಿಂಡಿ ಆಮೇಲೆ ತಿಂತೀನಿ ಅಜ್ಜಿ. ಫೋನು ಅವಳ ಕಿವಿ ಹತ್ರ ಹಿಡಿ...

ಅಕ್ಕಾ, ನಿಧಾನ ಮಾಡಿ ಪಕ್ಕಕ್ಕೆ ನಿಲ್ಸು. ಬ್ರೇಕ್ ಜೋರಾಗಿ ಒತ್ತಬೇಡ. ಚಕ್ರ ಸಡಿಲ ಆಗಿದೆ... ನಂಗೆ ಹೇಗೆ ಗೊತ್ತು ಅಂದ್ರೆ... ಕನಸಲ್ಲ ಅಕ್ಕಾ. ಆವತ್ತು ನೀರಿನ ಟ್ಯಾಂಕಿನೊಳಗೆ ಯಾರೋ ಹಾಡ್ತಾರೆ ಅಂತ ನಾನು ಅಂದಿದ್ದು ಕಥೆ, ಒಪ್ಕೊಂಡೆ. ಇದು ಕಥೆ ಅಲ್ಲ...

ನಗ್ಬೇಡ. ಅಜ್ಜಿ, ನೀನೂ ನಗ್ಬೇಡ. ಎಡಗಡೆ ಶಬ್ದ ಕೇಳಿಸ್ತಿಲ್ವಾ ನಿಮಗೆ?... ಹಾಡು ಹಾಕಿದೀರಾ. ಆರಿಸು. ಹಾಡು ಆರಿಸು ಅಕ್ಕಾ...

ಸರಿ, ನಂಬಬೇಡ. ಬಾನೆಟ್ ಮೇಲೆ ನನ್ನ ನೇಲ್ ಪಾಲಿಶ್ ಇದೆ... ಹೂಂ, ನಿನ್ನ ಹೊಸ ಕಾರಿನ ಮೇಲೇ. ನಿನ್ನೆ ನೀನು ಮಲಗಿದ್ದಾಗ ತಗೊಂಡು ಹೋಗಿದ್ದು ನಾನು. ಕಲ್ಲು ಬಿದ್ದು ಬಣ್ಣ ಹೋಯ್ತು, ನಾನೇ ಬಳಿದೆ. ಟಯರೂ ನಾನೇ ಬದಲಾಯಿಸಿದೆ, ಸರಿಯಾಗಿ ಬಿಗಿ ಮಾಡಿಲ್ಲ. ನಿಲ್ಸಿ, ಇಳಿದು, ಉಗುರಲ್ಲಿ ಕೆರೆದು ನೋಡು. ಎದ್ದು ಬಂದ್ರೆ ನಾನು ಹೇಳಿದ್ದೆಲ್ಲ ನಿಜ. ಬರದಿದ್ರೆ ಹಾಗೇ ಹೋಗು...

ನಿಂತ್ರಾ?... ಪೂರ್ತಿ ನಿಂತ್ರಾ ಅಜ್ಜಿ? ಅವಳು ಇಳಿದ್ಲಾ?... ಕೆರೀತಿದಾಳಾ?...

ಹಾಂ ಅಕ್ಕಾ... ಬಂತಾ... ಹೌದು, ನಾನೇ. ಬೈಯಿ. ಬೈಕೊಂಡೇ ಎಡಗಡೆ ಚಕ್ರದ ಹತ್ರ ಬಾ. ವೀಲ್ ಕ್ಯಾಪ್ ಅಂಚು ಹಿಡಿದು ಎಳಿ, ಬರುತ್ತೆ...

ಏನದು ಸದ್ದು? ಏನು ಬಿತ್ತು?... ಎರಡು ನಟ್ಟಾ? ಒಳಗೇ ಇದ್ವಾ?... ಉಳಿದದ್ದು?... ಬೆರಳಲ್ಲೇ ತಿರುಗ್ತಿದೆಯಾ...

ಸಾಕು, ಮುಟ್ಟಬೇಡ. ಅಜ್ಜಿನ ಇಳಿಸಿ ರಸ್ತೆಯಿಂದ ದೂರ ಕೂರಿಸು. ಬಣ್ಣದ ಅಂಗಡಿ ಅಣ್ಣನಿಗೆ ಹೇಳ್ತೀನಿ, ಯಾರನ್ನಾದ್ರೂ ಕಳಿಸ್ತಾರೆ...

ಅಕ್ಕಾ? ಅಳ್ತಿದೀಯಾ?... ಅಳ್ಬೇಡ. ಬೈಯಿ. ಚರ್ಮ ಸುಲೀತೀನಿ ಅನ್ನು, ಮನೆಗೆ ಬಂದು ನೋಡ್ಕೋತೀನಿ ಅನ್ನು. ನೀನು ಬೈಯದಿದ್ರೇನೇ ನಂಗೆ ಜಾಸ್ತಿ ಭಯ... ಅಜ್ಜಿಗೆ ಕೊಡು...

ಅಜ್ಜಿ... ಇಲ್ಲ, ಅಳ್ತಿಲ್ಲ. ನಲ್ಲಿ ಸದ್ದು ಅದು... ಈಗ ಕಥೆನಾ? ರಸ್ತೆ ಪಕ್ಕ ಕೂತ್ಕೊಂಡಾ?... ಹೇಳು. ಅಕ್ಕನಿಗೂ ಕೇಳಿಸೋ ಹಾಗೆ ಹೇಳು...

ಹೂಂ...

ಇಬ್ಬರು ಅಕ್ಕತಂಗಿಯರು... ಹೂಂ...

ತಂಗಿಗೆ ಬುದ್ಧಿ ಕಮ್ಮಿ... ಹೂಂ, ಇತ್ತಲ್ಲ, ಕಮ್ಮಿನೇ...

ಹೂಂ... ಆಮೇಲೆ?...

ಅಜ್ಜಿ, ಆಮೇಲೆ?... ಹಲೋ?... ಛೇ, ಸಿಗ್ನಲ್ ಹೋಯ್ತು, ಅಷ್ಟರಲ್ಲಿ ಅಂಗಡಿ ಅಣ್ಣನಿಗೆ ಫೋನ್ ಮಾಡ್ತೀನಿ...