ಸೂರಪ್ಪ ಹಿಡಿದಿದ್ದ ಕಸಬರಿಗೆ

ರಾತ್ರಿ ಹೇಳ್ತಿದೀನಿ ಅಂತ ರಾತ್ರಿ ನಡೆದದ್ದು ಅಂದ್ಕೋಬ್ಯಾಡ್ರಿ. ನಡುಮಧ್ಯಾಹ್ನ, ನೆತ್ತಿ ಸುಡೋ ಬಿಸಿಲಲ್ಲಿ, ನಮ್ಮ ದೊಡ್ಡಮ್ಮನ ಮಗ ಲೋಹಿತನಿಗೆ ಆದದ್ದಿದು.

ಉಳ್ಳಾರ್ತಿ ಕಾವಲ್ ಅಂತ ಹುಲ್ಲು ಬಯಲೈತಲ್ಲ, ಅದರಾಚೆಗೆ ಲಾರಿಗಳಿಗೆ ಹೈಡ್ರೋಜನ್ ತುಂಬೋ ಘಟಕ ಒಂದೈತೆ. ಲೋಹಿತ ಅಲ್ಲಿ ಪೈಪು ನೋಡ್ಕೊಳ್ಳೋನು. ಕೆಲಸ ಕಲಿಸಿದವನು ಸೂರಪ್ಪ. "ಲೇ, ಇದು ಅಡಿಗೆ ಗ್ಯಾಸ್ ಅಲ್ಲ. ವಾಸನೆ ಇಲ್ಲ. ಹತ್ಕೊಂಡ್ರೆ ಹಗಲಲ್ಲಿ ಉರೀನೂ ಕಾಣಲ್ಲ. ಹೊಗೆ ಇಲ್ಲ, ಉರಿದು ಬರೀ ನೀರಾಗ್ತೈತೆ," ಅಂತಿದ್ದ. ಅದಕ್ಕೇ ಸೋರಿಕೆ ಅನುಮಾನ ಬಂದ ಕಡೆ ಉದ್ದನೆ ಕಸಬರಿಗೆ ಮುಂದೆ ಚಾಚ್ಕೊಂಡು ಹೆಜ್ಜೆ ಇಡೋನು. ಕಡ್ಡಿ ಹತ್ಕೊಂಡ್ರೆ ಬೆಂಕಿ ಅಲ್ಲೈತೆ ಅಂತ. ಒಂದಿನ ಅವಸರಕ್ಕೆ ಬರಿಗೈಲಿ ಹೋದ. ಮೈ ಸುಟ್ಕೊಂಡು ಹದಿನೆಂಟು ದಿನ ಆಸ್ಪತ್ರೇಲಿ ನರಳಿ ತೀರ್ಕೊಂಡ.

ಅದಾಗಿ ಮೂರು ತಿಂಗಳು. ಲೋಹಿತ ಬೆಳಗಿನ ಪಾಳಿ ಮುಗಿಸಿ ಕಾವಲ್ ದಾಟಿ ನಡ್ಕೊಂಡು ಮನೆಗೆ ಬರ್ತಿದ್ದ. ಹಾಳುಬಾವಿ ಹತ್ರ ಬಂದ. ಒಂದು ನರಪಿಳ್ಳೇನೂ ಇಲ್ಲ. ಗಾಳೀನೂ ನಿಂತಿತ್ತು.

ಸ್ಸ್ಸ್ಸ್ಸ್...

ಹಾವಲ್ಲ. ಹಾವು ಬಿಟ್ಟು ಬಿಟ್ಟು ಬುಸುಗುಡ್ತೈತೆ. ಇದು ಒಂದೇ ಸಮ, ತೆಳ್ಳಗೆ, ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂಗೆ. ಆ ಸದ್ದು ಅವನಿಗೆ ಗೊತ್ತು. ಆದ್ರೆ ಇಲ್ಲಿ ಪೈಪೆಲ್ಲಿ?

ತಲೆ ಎತ್ತಿದ. ನಾಕು ಮಾರು ಮುಂದೆ ಸೂರಪ್ಪ. ಬೆನ್ನು ಈ ಕಡೆ. ಕಸಬರಿಗೆ ಚಾಚ್ಕೊಂಡು ಒಂದೊಂದೇ ಹೆಜ್ಜೆ... ಚಟ್. ಚಟ್, ಚಟ್. ಏನೂ ಇಲ್ಲದ ಬಯಲಲ್ಲಿ ಕಡ್ಡಿ ತುದಿ ಕೆಂಪಗಾಯ್ತು.

"ಯಣ್ಣಾ..." ಲೋಹಿತ ಕೂಗಿದ.

"ಅಲ್ಲೇ ನಿಂತ್ಕ."

"ಎಲ್ಲೈತಣ್ಣ?"

"ನಾಕನೇ ಜಾಯಿಂಟು," ಪಿಸುಗುಟ್ಟಿದ. "ಹೋಗಿ ಹೇಳು. ಕೇಳಲ್ಲ ಅವ್ರು... ಆದ್ರೂ ಹೇಳು."

ರೆಪ್ಪೆ ಬಡಿಯೋದ್ರಲ್ಲಿ ಯಾರೂ ಇಲ್ಲ. ಸದ್ದೂ ಇಲ್ಲ.

ಲೋಹಿತ ಘಟಕಕ್ಕೆ ವಾಪಸ್ ಓಡಿ, ನಾಕನೇ ಜಾಯಿಂಟ್ ಸೋರ್ತೈತೆ ಅಂದ. ಅಲ್ಲಿನ ಸಾಹೇಬ್ರು ಕಂಪ್ಯೂಟರ್ ಪರದೆ ತೋರಿಸಿದ್ರು. "ನೋಡು, ಸೆನ್ಸರ್ ಸೊನ್ನೆ ತೋರಿಸ್ತಿದೆ. ಯಾರು ಹೇಳಿದ್ರು ನಿಂಗೆ?"

ಸತ್ತೋನು ಹೇಳ್ದ ಅಂತ ಹೆಂಗೆ ಹೇಳ್ತಾನೆ? "ಅನುಮಾನ ಸಾರ್," ಅಂದ.

"ಅನುಮಾನಕ್ಕೆಲ್ಲ ಲೈನ್ ನಿಲ್ಸಕ್ಕಾಗಲ್ಲ."

ಆ ರಾತ್ರಿ ಲೋಹಿತನಿಗೆ ಮೈಯೆಲ್ಲ ಜ್ವರ. ಬೆಳಿಗ್ಗೆ ಏಳಕ್ಕಾಗಲಿಲ್ಲ. ಅವನ ಬದಲಿಗೆ ಪಾಳಿಗೆ ಹೋದೋನು ಮೊಳಕಾಲ್ಮೂರಿನ ಓಬಳೇಶ. ಲೋಹಿತ ಫೋನ್ ಮಾಡಿ, "ನಾಕನೇ ಜಾಯಿಂಟ್ ಹತ್ರ ಹೋಗ್ಬ್ಯಾಡ ಕಣಲೇ," ಅಂದ. "ಸಾಹೇಬ್ರು ಹೋಗು ಅಂದ್ರೆ ಏನ್ ಮಾಡ್ಲಣ್ಣ?" ಅಂತ ಓಬಳೇಶ ನಕ್ಕ.

ಹನ್ನೊಂದು ಗಂಟೆಗೆ ಹೋಗು ಅಂದ್ರು. ಹೋದ. ದೂರ ನಿಂತವರಿಗೆ ಮೊದ್ಲು ಉರಿ ಕಾಣಲೇ ಇಲ್ಲ. ಬಿಸಿಲಲ್ಲಿ ಒಬ್ಬನೇ ಮೈ ಕೈ ಬಡ್ಕೊಂಡು ಕುಣಿಯೋದು ಕಾಣ್ತು. ಏನೋ ತಮಾಷೆ ಅಂದ್ಕೊಂಡ್ರು.

ಓಬಳೇಶನ ಮಣ್ಣಿಗೆ ಲೋಹಿತ ಹೋಗಿದ್ದ. ಓಬಳೇಶನ ಅವ್ವ ಕೆಂಚಕ್ಕ ಮಗ್ಗದ ಪಕ್ಕ ಕೂತಿದ್ಲು. ಮಗ ಫೋನಲ್ಲಿ ಮಾತಾಡಿದ್ದು ಅವಳಿಗೆ ಗೊತ್ತಿತ್ತು. ಒಂದೇ ಮಾತು ಕೇಳಿದ್ಲು.

"ನಿಂಗೆ ಮೊದ್ಲೇ ಗೊತ್ತಿತ್ತಂತಲ್ಲಪ್ಪ?"

ಲೋಹಿತ ಇವತ್ತಿಗೂ ಸರಿಯಾಗಿ ಊಟ ಮಾಡಲ್ಲ. ಘಟಕ ಒಂಬತ್ತನೇ ದಿನಕ್ಕೇ ಮತ್ತೆ ಶುರುವಾಯ್ತು.

ಬಾವಿ ಹತ್ರ ಸೂರಪ್ಪ ಕಂಡ ದಿನ ಲೋಹಿತ ತೊಟ್ಟಿದ್ದ ಅಂಗಿ ಅವರ ಮನೆ ಗೂಟದಲ್ಲೇ ಐತೆ. ನೀರಿಗೆ ಹಾಕಿಲ್ಲ. ಎರಡು ತಿಂಗಳಾಯ್ತು, ಮುಂಭಾಗ ಇನ್ನೂ ಒದ್ದೆ. ಬೆವರಲ್ಲ, ಶುದ್ಧ ನೀರು. ನಾನೇ ಮುಟ್ಟಿ ನೋಡೀನಿ... ಬೇಕಾದ್ರೆ ಈಗ್ಲೇ ಎದ್ದು ಬನ್ನಿ, ತೋರಿಸ್ತೀನಿ.